ಹಿಂಬಾಗಿಲಿನ ಹಕ್ಕಲು

ನಮ್ಮ ಬೀದಿಯ ಕೊನೆಗಿರುವ ದೊಡ್ಡ ದಿನಸಿ ಅಂಗಡಿಯ ಹಿಂಬಾಗಿಲು ಬೆಳಿಗ್ಗೆ ತೆರೆದಾಗ ಮೊದಲು ಹೊರಗೆ ಬರುವುದು ತಣ್ಣನೆಯ ಗಾಳಿ. ಅದರ ಹಿಂದೆಯೇ ಕೊತ್ತಂಬರಿ ಸೊಪ್ಪಿನ ವಾಸನೆ, ಒದ್ದೆ ರಟ್ಟಿನ ವಾಸನೆ, ಎಲ್ಲೋ ತಳದಲ್ಲಿ ಕೊಳೆತ ಒಂದು ಟೊಮೇಟೊ. ಕಣ್ಣು ಮುಚ್ಚಿಕೊಂಡು ನಿಂತರೆ ಮಾಗಿಯ ಚಳಿಯಲ್ಲಿ, ಇಬ್ಬನಿ ಬಿದ್ದ ಹೊಲದಲ್ಲಿ ನಿಂತ ಹಾಗೆಯೇ ಇರುತ್ತದೆ. ನಾನು ದಿನವೂ ಒಂದು ಗಳಿಗೆ ಹಾಗೆ ನಿಲ್ಲುತ್ತೇನೆ. ಯಾರಾದರೂ ಕಂಡರೆ ಈ ಹೆಂಗಸಿಗೆ ತಲೆ ಕೆಟ್ಟಿದೆ ಅಂದುಕೊಂಡಾರು. ಅಂದುಕೊಳ್ಳಲಿ, ಅವರೇನು ಬಂದು ನನಗೆ ಸೊಪ್ಪು ಬಿಡಿಸಿಕೊಡುವವರಲ್ಲ.

ಬಾಗಿಲು ತೆರೆಯುವವಳು ಅಲ್ಲಿ ತರಕಾರಿ ವಿಂಗಡಿಸುವ ಹೆಂಗಸು, ಮದನಪಲ್ಲಿ ಕಡೆಯಿಂದ ಬಂದವಳು. ಹಿಂದಿನ ದಿನ ಬಾಡಿದ್ದು, ಏಟು ಬಿದ್ದದ್ದು, ಗಿರಾಕಿಗಳು ಹಿಸುಕಿ ನೋಡಿ ಬಿಟ್ಟುಹೋದದ್ದು, ಎಲ್ಲವೂ ನೀಲಿ ಬಣ್ಣದ ಕ್ರೇಟಿನಲ್ಲಿ ತುಂಬಿರುತ್ತದೆ. ಅಂಗಡಿಯ ಭಾಷೆಯಲ್ಲಿ ಅದಕ್ಕೆ ಡಂಪ್ ಎಂದು ಹೆಸರು. ಅವಳು ಅದನ್ನು ಹೊರಗೆ ಎಳೆದಿಟ್ಟು, "ಅಕ್ಕಾ, ಈವತ್ತು ಬೀನ್ಸ್ ಚೆನ್ನಾಗೈತೆ, ಅಡೀಲಿ ನೋಡಿ" ಎಂದು ಒಳಗೆ ಹೋಗುತ್ತಾಳೆ. ಕಸದ ಗಾಡಿ ಬರುವ ಮೊದಲು ನಾನು ಕುಕ್ಕರಗಾಲಿನಲ್ಲಿ ಕೂತು ಕ್ರೇಟು ಬಗೆಯುತ್ತೇನೆ. ಆಗೆಲ್ಲ ನನ್ನ ವೇಷವೇ ಬೇರೆ ಇರುತ್ತಿತ್ತು. ತಲೆಗೆ ಟವೆಲ್ಲು, ಮೂಗು ಬಾಯಿಗೆ ಮಾಸ್ಕು, ಮೈಮೇಲೆ ನಮ್ಮ ಯಜಮಾನರ ಹಳೇ ಜರ್ಕಿನ್ನು. ನಮ್ಮ ಮನೆಯ ಹಿಂದಿನ ರೂಮುಗಳಲ್ಲಿ ಬಾಡಿಗೆಗಿರುವ ಹುಡುಗಿಯರು ಆಫೀಸಿನ ಬಸ್ಸು ಹಿಡಿಯಲು ನನ್ನ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಒಬ್ಬಳಿಗೂ ಗುರುತು ಸಿಗುತ್ತಿರಲಿಲ್ಲ. ಒಂದು ದಿನ ಅವರಲ್ಲೊಬ್ಬಳು ನನ್ನ ಪಕ್ಕದಲ್ಲಿ ಬಿಸ್ಕತ್ತಿನ ಪೊಟ್ಟಣ ಇಟ್ಟು ಹೋದಳು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಬಿಸ್ಕತ್ತು ಕೋಳಿಗೆ ಹಾಕಿದೆ.

ಇದು ಶುರುವಾದದ್ದೇ ಕೋಳಿಗಳಿಂದ. ಯಜಮಾನರು ಕಂಪನಿಗಳಿಗೆ ಕ್ಯಾಬ್ ಓಡಿಸುವವರು. ಕಂಪನಿಯವರೆಲ್ಲ ಮನೆಯಲ್ಲೇ ಕೂತು ಕೆಲಸ ಮಾಡುವುದನ್ನು ಕಲಿತ ಮೇಲೆ ಗಾಡಿ ವಾರದ ಅರ್ಧ ದಿನಗಳು ಮನೆ ಮುಂದೆಯೇ ನಿಲ್ಲತೊಡಗಿತು. ಕೋಳಿಗೆ ಕಾಳು ಕೊಳ್ಳಲು ಕೈ ಹಿಂದೆಮುಂದೆ ನೋಡುವ ಹಾಗಾಯಿತು. ಒಂದು ಬೆಳಿಗ್ಗೆ ಅಂಗಡಿಯ ಹಿಂದೆ ರಾಶಿ ಬಿದ್ದಿದ್ದ ಎಲೆಕೋಸಿನ ಹೊರಗಿನ ಎಲೆ ಕಂಡು, ಕೇಳಿ, ಒಂದು ಚೀಲ ತುಂಬಿಸಿ ತಂದೆ. ಎಲೆಗಳ ಕೆಳಗೆ ಸೊಟ್ಟಗೆ ಬೆಳೆದ ಕ್ಯಾರೆಟ್ಟು ಇದ್ದವು. ಸೊಟ್ಟಗಿದ್ದುದಷ್ಟೇ ಅವು ಮಾಡಿದ ತಪ್ಪು. ತೊಳೆದು ತುರಿದು ಪಲ್ಯ ಮಾಡಿದೆ, ಯಾರ ನಾಲಗೆಗೂ ಸೊಟ್ಟ ಅನ್ನಿಸಲಿಲ್ಲ.

ಅಲ್ಲಿಂದ ಮುಂದೆ ಅದೊಂದು ಅಭ್ಯಾಸವಾಯಿತು. ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಚೀಲ ಸುರಿದು ಬೇರ್ಪಡಿಸುತ್ತಿದ್ದೆ. ಒಲೆಗೆ ಹೋಗುವುದು ಬುಟ್ಟಿಗೆ, ಕೋಳಿಗೆ ಹೋಗುವುದು ನೆಲಕ್ಕೆ, ಉಳಿದದ್ದು ಗೊಬ್ಬರದ ಗುಂಡಿಗೆ. ಕೋಳಿಗಳು ನನ್ನ ಚೀಲದ ಸದ್ದಿಗೇ ಗೋಡೆ ಇಳಿದು ಬರುತ್ತಿದ್ದವು. ಪರಂಗಿ ಹಣ್ಣು ಸಿಕ್ಕಿದ ದಿನ ಕೊಕ್ಕೆಲ್ಲ ಕೇಸರಿ, ಎದೆಯ ಪುಕ್ಕವೆಲ್ಲ ಕೇಸರಿ. ಕಲ್ಲಂಗಡಿ ಸಿಕ್ಕಿದ ದಿನ ಸಿಪ್ಪೆಯನ್ನು ಕಾಗದದಷ್ಟು ತೆಳ್ಳಗಾಗುವ ತನಕ ಕುಕ್ಕಿ ಬಿಡುತ್ತಿದ್ದವು. ಸುತ್ತ ನಾಲ್ಕೂ ಕಡೆ ಗಾಜಿನ ಕಟ್ಟಡಗಳು. ಅವುಗಳ ಮೇಲೆ ಬಿದ್ದ ಬಿಸಿಲು ತಿರುಗಿ ನಮ್ಮ ಹಿತ್ತಿಲಿಗೆ ಬರುವುದರಿಂದ ನಮಗೆ ಬೆಳಿಗ್ಗೆ ಪಶ್ಚಿಮದಿಂದಲೂ ಎಳೆಬಿಸಿಲು ಬೀಳುತ್ತದೆ. ಆ ಎರಡು ಬಿಸಿಲಿನ ನಡುವೆ ಕೋಳಿಗಳಿಗೆ ಒಂದೊಂದಕ್ಕೂ ಎರಡೆರಡು ನೆರಳು. ಕೆಲಸ ಬಿಟ್ಟು ಎಷ್ಟೋ ಹೊತ್ತು ನಾನು ಅದನ್ನೇ ನೋಡುತ್ತ ಕೂತಿರುತ್ತಿದ್ದೆ. ಮೊಟ್ಟೆಯ ಹಳದಿ ಮಾತ್ರ ದಿನದಿನಕ್ಕೂ ಗಾಢವಾಗುತ್ತ ಹೋಯಿತು.

ಕೋಳಿಗಳು ನನ್ನವಲ್ಲ, ಅತ್ತೆಯವು. ಅತ್ತೆಗೆ ಅಂದರೆ ಯಜಮಾನರ ತಾಯಿಗೆ, ವಯಸ್ಸಾದಂತೆ ನಿನ್ನೆ ಇವತ್ತು ಒಂದರೊಳಗೊಂದು ಸೇರಿಕೊಳ್ಳುತ್ತಿದ್ದವು. ಹಿತ್ತಿಲಿನ ಚಪ್ಪಡಿಯ ಮೇಲೆ ಕೂತು ಕೋಳಿಗಳೊಡನೆ ಮಾತಾಡುವರು. ನಡುವೆ ಎಂದೋ ಸತ್ತ ಎತ್ತಿಗೆ ಹುಲ್ಲು ಹಾಕಿದೆಯಾ ಎಂದು ಕೇಳುವರು. ಹಾಕಿದೆ ಅತ್ತೆ ಎನ್ನುವೆ. ಸುಳ್ಳು ಹೇಳುವುದರಲ್ಲಿ ನನ್ನದು ಆ ಹೊತ್ತಿಗೆ ಒಳ್ಳೆಯ ಪಳಗಿದ ಕೈ ಆಗಿತ್ತು. ಏಕೆಂದರೆ ದಿನಾ ಬೆಳಿಗ್ಗೆ ಚೀಲದ ವಿಷಯದಲ್ಲಿ ಒಂದು ಸುಳ್ಳು ಹೇಳಲೇಬೇಕಿತ್ತು.

"ಎಲ್ಲಿಂದ ಬಂತಮ್ಮಿ ಇಷ್ಟೊಂದು?"

"ನಮ್ಮಣ್ಣ ಕಳಿಸಿದಾನೆ ಅತ್ತೆ, ತೋಟದ್ದು."

ಹೊಸಕೋಟೆಯ ಆಚೆ ನನ್ನ ಅಣ್ಣನಿಗೆ ಇರುವುದು ಒಂದು ತುಂಡು ನೆಲ, ಅದರಲ್ಲಿ ಅವನು ಬೆಳೆಯುವುದು ಬರೀ ರಾಗಿ, ಹುರುಳಿ. ಪಾಪ, ನನ್ನ ಬಾಯಲ್ಲಿ ಅವನು ಏನೇನೆಲ್ಲ ಬೆಳೆದ! ಬ್ರಾಕೊಲಿ ಬೆಳೆದ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಊಕೋಸಿಗೆ ಏನೋ ಸೀಕು ಬಂದೈತಲ್ಲಮ್ಮಿ, ಅಸಿರು ತಿರುಗ್ಬುಟ್ಟೈತೆ" ಎಂದರು. ಬಸ್ಸಾರು ಮಾಡಿ ಹಾಕಿದೆ, ಮುದ್ದೆ ಜೊತೆ ಚೆನ್ನಾಗಿಯೇ ಹೋಯಿತು. ಕೆಂಪು ಎಲೆಕೋಸು ಬೆಳೆದ, ಕಿವಿ ಹಣ್ಣು ಬೆಳೆದ. ಗಾಜಿನಂತೆ ನೀರುನೀರಾದ ಒಂದು ಪರದೇಶದ ಸೊಪ್ಪು ಬೆಳೆದ, ಅದು ಮಸ್ಸೊಪ್ಪಿನಲ್ಲಿ ಕರಗಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. "ನಿಮ್ಮಣ್ಣ ಗಟ್ಟಿಗ ಕಣಮ್ಮಿ, ಏನೇನೋ ಬೆಳೀತಾವ್ನೆ" ಎಂದು ಅತ್ತೆ ಬೀದಿಯಲ್ಲಿ ಕಂಡವರಿಗೆಲ್ಲ ಹೇಳಿದರು. ಅಣ್ಣ ಒಮ್ಮೆ ಮನೆಗೆ ಬಂದಾಗ ಅವನ ಬೆನ್ನು ಸವರಿದರು. ಅವನು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ, ನಾನು ಕಾಫಿ ತರಲು ಒಳಗೆ ಹೋದೆ.

ಈ ಸುಳ್ಳಿಗೆ ಕಾರಣವಿತ್ತು. ಆ ಚೀಲ ನಿಜವಾಗಿ ಎಲ್ಲಿಂದ ಬರುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಾದರೂ ನನಗೆ ಅಷ್ಟೊಂದು ಚಿಂತೆಯಿರಲಿಲ್ಲ, ಅತ್ತೆಗೆ ಮಾತ್ರ ಗೊತ್ತಾಗಬಾರದಿತ್ತು.

ನಾನು ಮದುವೆಯಾಗಿ ಈ ಹೂಡಿ ಊರಿಗೆ ಬಂದಾಗ ಆ ಅಂಗಡಿ ಇರಲಿಲ್ಲ. ಈಗ ಅಂಗಡಿ ನಿಂತಿರುವುದು ನಮ್ಮ ಹೊಲದಲ್ಲಿ. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ಹುಚ್ಚೆಳ್ಳು ಹಾಕುತ್ತಿದ್ದರು. ಹುಚ್ಚೆಳ್ಳು ಹೂ ಬಿಟ್ಟಾಗ ಹೊಲದ ನಡುವೆ ಹಳದಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ನಾನು ಕಂಡದ್ದು ಕೆಲವೇ ಬೆಳೆ. ಆಮೇಲೆ ಮಾವ, ಅವರ ಅಣ್ಣತಮ್ಮಂದಿರು ಸೇರಿ ಕೊಟ್ಟುಬಿಟ್ಟರು. ಅದರ ಕಥೆ ಇಲ್ಲಿ ಬೇಡ, ಈ ಕಡೆ ಯಾರ ಮನೆಗೆ ಹೋಗಿ ಕೇಳಿದರೂ ಅದೇ ಕಥೆ ಹೇಳುತ್ತಾರೆ. ಇವತ್ತಿಗೂ ನಾನು ಆ ಅಂಗಡಿಯೊಳಗೆ ಹೋದರೆ ನೆಲ ಎರಡಾಗಿ ಕಾಣುತ್ತದೆ. ಬಿಸ್ಕತ್ತು ಜೋಡಿಸಿರುವ ಸಾಲಿನ ಉದ್ದಕ್ಕೂ ಬದು. ಈರುಳ್ಳಿ ಆಲೂಗಡ್ಡೆ ಗುಡ್ಡೆ ಹಾಕಿರುವುದು ರಾಗಿ ತುಳಿಸುತ್ತಿದ್ದ ಕಣ. ಮೊಸರು ಬೆಣ್ಣೆ ಇಡುವ ಫ್ರಿಜ್ಜುಗಳು ಗುಂಯ್ ಎನ್ನುತ್ತವಲ್ಲ, ಅಲ್ಲಿ ಒಂದು ಹೊಂಗೆ ಮರವಿತ್ತು. ಹೂವಿನ ಕಾಲದಲ್ಲಿ ಅದರ ತುಂಬ ಜೇನುಹುಳ ಇದೇ ಹಾಗೆ ಗುಂಯ್ಗುಡುತ್ತಿದ್ದವು.

ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಬಿದ್ದ ತೆನೆ, ಬಳ್ಳಿಯಲ್ಲಿ ಉಳಿದ ಕಾಯಿ ಆಯುವುದಕ್ಕೆ ಹಕ್ಕಲು ಎನ್ನುತ್ತಾರೆ. ಹಕ್ಕಲು ಹೊಲವಿಲ್ಲದವರದು. ಹೊಲದೊಡೆಯರ ಮನೆಯ ಹೆಂಗಸು ಬಗ್ಗಿ ಒಂದು ತೆನೆ ಎತ್ತಿಕೊಂಡರೂ ಅದು ಇನ್ನೊಬ್ಬರ ತಟ್ಟೆಗೆ ಕೈ ಹಾಕಿದ ಹಾಗೆ. ಇದು ಎಲ್ಲರ ಮನೆಯ ಪದ್ಧತಿ. ನಮ್ಮ ಅತ್ತೆಯ ಪದ್ಧತಿ ಇನ್ನೂ ಒಂದು ತೂಕ ಹೆಚ್ಚಿನದು. ಕೊಯ್ಯುವವರ ಹಿಂದೆ ಹಿಂದೆಯೇ ಬರಿಗಾಲಲ್ಲಿ ನಡೆಯುತ್ತ, ಒಳ್ಳೆ ಒಳ್ಳೆ ತೆನೆಗಳನ್ನು ಕಾಲಿನಿಂದ ಕೊಯ್ದುಳಿದ ಕೂಳೆಯ ಸಂದಿಗೆ ತಳ್ಳಿಬಿಡುವರು. ಮೂಲೆಯ ಅವರೆ ಸಾಲನ್ನು ಬಿಡಿಸಲು ಬಿಡುತ್ತಿರಲಿಲ್ಲ. ಮಾವ ಗೊಣಗಿದರೆ ಕಿವಿ ಕೇಳದವರ ಹಾಗೆ ಇರುವರು. ಕೊನೆಗೆ ಬದುವಿನ ಮೇಲೆ ನಿಂತು, ಹೊಲಕ್ಕೆ ಬೆನ್ನು ಮಾಡಿ, ಸೆರಗು ಮುಖಕ್ಕೆ ಎಳೆದುಕೊಂಡು ದೊಡ್ಡ ದನಿಯಲ್ಲಿ ಕೂಗುವರು.

"ಆಯ್ಕಳ್ರವ್ವಾ, ನಾವು ನೋಡಾಕಿಲ್ಲ!"

ಆಮೇಲೆ ಹಿಂತಿರುಗಿ ನೋಡದೆ ಮನೆಗೆ ನಡೆಯಬೇಕು. ನಾನು ಬಂದ ಹೊಸದರಲ್ಲಿ ಕುತೂಹಲ ತಡೆಯದೆ ಕತ್ತು ತಿರುಗಿಸಿದ್ದೆ. ಅತ್ತೆ ನನ್ನ ಗದ್ದ ಹಿಡಿದು ಮುಖವನ್ನು ದಾರಿಯ ಕಡೆ ತಿರುಗಿಸಿದರು. "ಆಯೋರ ಮುಕ ನೋಡ್ಬಾರ್ದು ಕಣಮ್ಮಿ. ನಾಳೀಕೆ ಬೀದೀಲಿ ಸಿಕ್ದಾಗ ಅವ್ರು ತಲೆ ಎತ್ಕೊಂಡ್ ಓಗ್ಬೇಕು" ಎಂದರು. ಗದ್ದ ಸ್ವಲ್ಪ ನೋಯುವ ಹಾಗೆಯೇ ಹಿಡಿದಿದ್ದರು.

ಅಂಥವರ ಸೊಸೆ, ಅದೇ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಕ್ಕಲು ಆಯುತ್ತಿದ್ದಾಳೆ ಎಂದು ಅವರಿಗೆ ತಿಳಿದರೆ? ಅವರ ಲೋಕದಲ್ಲಿ ಉಳಿದಿದ್ದುದೇ ಆ ಹೊಲ. ಅದನ್ನು ಮಾರಿದ್ದು ಅವರಿಗೆ ನೆನಪೇ ಇರಲಿಲ್ಲ. ತಾವು ಇನ್ನೂ ಕೊಡುವ ಮನೆಯವರು ಎಂಬ ನಂಬಿಕೆಯ ಮೇಲೆ ಆ ಜೀವ ನಿಂತಿತ್ತು, ಅದನ್ನು ನನ್ನ ಕೈಯಿಂದಲೇ ಮುರಿಯುವುದು ನನಗೆ ಬೇಕಿರಲಿಲ್ಲ.

ಅತ್ತೆ ದಿನಕ್ಕೊಮ್ಮೆ, ಕೆಲವು ಸಲ ಎರಡು ಸಲ, "ಒಲದ ತಾವ ಓಗ್ಬತ್ತೀನಿ" ಎಂದು ಹೊರಡುತ್ತಿದ್ದರು. ಹೋಗುತ್ತಿದ್ದುದು ಅಂಗಡಿಗೇ. ಮೊದಮೊದಲು ನಾನು ಹಿಂದೆ ಓಡುತ್ತಿದ್ದೆ. ಆಮೇಲೆ ಬೀದಿಯವರಿಗೆಲ್ಲ ಗೊತ್ತಿರುವ ವಿಷಯ, ತೊಂದರೆಯಿಲ್ಲ ಎಂದು ಬಿಟ್ಟೆ. ಗಾಜಿನ ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗುವರು, ಕಣದೊಳಕ್ಕೆ ಯಾರು ತಾನೇ ಚಪ್ಪಲಿ ಹಾಕಿಕೊಂಡು ಹೋಗುತ್ತಾರೆ. ಕಾವಲಿನವನು ನಮಸ್ಕಾರ ಅಜ್ಜಿ ಎಂದು ಬಾಗಿಲು ಹಿಡಿಯುವನು. ಅವರು ಸಾಲು ಸಾಲು ಸುತ್ತಿ, ಸೊಪ್ಪಿನ ಮೇಲೆ ಕೈಯಾಡಿಸಿ, ತಣ್ಣಗಾಗಿ ಮನೆಗೆ ಬರುವರು. "ಪೈರು ಚೆಂದಾಗೈತೆ" ಎನ್ನುವರು. ಆ ಅಂಗಡಿಯಲ್ಲಿ ಯಾವಾಗಲೂ ಪೈರು ಚೆನ್ನಾಗಿಯೇ ಇರುತ್ತಿತ್ತು. ಮಳೆ ಇಲ್ಲದ ವರ್ಷವೂ ಹೋಗಿ ನೋಡಿ ಖುಷಿಯಾಗಿ ಬರುವಂಥ ಹೊಲ ಎಷ್ಟು ಜನರಿಗೆ ಸಿಗುತ್ತದೆ? ನನಗೂ ಒಮ್ಮೊಮ್ಮೆ ಅವರ ಜೊತೆ ಅಲ್ಲೇ ಇದ್ದುಬಿಡೋಣ ಎನ್ನಿಸುತ್ತಿತ್ತು.

ಅವರೆಕಾಯಿಯ ಕಾಲ ಬಂತು. ಬೆಳಿಗ್ಗೆ ಮಂಜು ಮೆಟ್ರೋ ಕಂಬಗಳ ಅರ್ಧದವರೆಗೆ ನಿಂತಿರುತ್ತಿತ್ತು, ಮೇಲೆ ಹೋಗುವ ರೈಲು ಗಾಳಿಯಲ್ಲೇ ಹೋದ ಹಾಗೆ ಕಾಣುತ್ತಿತ್ತು. ಆ ದಿನಗಳಲ್ಲಿ ಕ್ರೇಟಿನೊಳಗೆ ಏನೋ ಬದಲಾಯಿತು. ಕೊಳೆತ ಬದನೆಕಾಯಿಯ ಕೆಳಗೆ ಕೈ ಹಾಕಿದರೆ ಗಟ್ಟಿ ಟೊಮೇಟೊ ಸಿಗುವುದು. ಬಾಡಿದ ಪಾಲಕ್ಕಿನ ನಡುವೆ, ಕಟ್ಟು ಬಿಚ್ಚದ ಕೊತ್ತಂಬರಿ. ಒಂದು ದಿನ ಎಲ್ಲದರ ಅಡಿಯಲ್ಲಿ ಬೊಗಸೆಗಟ್ಟಲೆ ಸೊಗಡಿನ ಅವರೆ, ಕೈಗೆ ಅಂಟುವಷ್ಟು ಹೊಸದು. ಮಾಸ್ಕು ಕೆಳಗಿಳಿಸಿ ಮೂಸಿದೆ. ಆ ವಾಸನೆ ಮೂಗಿಗೆ ಬಡಿದಾಗ ನಾನು ಎಲ್ಲಿದ್ದೇನೆ ಎನ್ನುವುದೇ ಒಂದು ಗಳಿಗೆ ಮರೆತುಹೋಯಿತು. ಅವತ್ತು ಹಿತಕಿದ ಬೇಳೆ ಸಾರು ಮಾಡಿದೆ. ಯಜಮಾನರು ಮೂರನೇ ಸಲ ಸಾರು ಬಡಿಸಿಕೊಂಡರು. ಅತ್ತೆ ಉಂಡು, ಎದ್ದು ಕೈ ತೊಳೆಯುವಾಗ, "ಈ ಸಲ ಮೂಲೆ ಸಾಲು ಚೆಂದಾಗಿ ಬಂದೈತೆ" ಎಂದರು. ಯಾವ ಸಾಲೋ ಏನೋ ಎಂದು ನಾನು ತಲೆಯಾಡಿಸಿದೆ.

ಮದನಪಲ್ಲಿಯವಳೇ ನನಗಾಗಿ ಒಳ್ಳೆಯದನ್ನು ಎತ್ತಿ ಹಾಕುತ್ತಿದ್ದಾಳೆ ಎಂದುಕೊಂಡೆ. ಬಾಯಿಬಿಟ್ಟು ಕೇಳಿದರೆ ಅವಳಿಗೆ ಕಷ್ಟವಾದೀತೆಂದು ಕೇಳಲಿಲ್ಲ. ಸುಮ್ಮನೆ ಆರು ಮೊಟ್ಟೆ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟೆ. ಅವಳು ಯಾಕಕ್ಕಾ ಎಂದಳು. ಇರಲಿ ಎಂದೆ. ನಮ್ಮ ನಡುವೆ ಒಂದು ಒಳ್ಳೆಯ ಗುಟ್ಟು ಇದೆ ಎಂದು ನಾನೊಬ್ಬಳೇ ಸಂತೋಷಪಟ್ಟುಕೊಂಡು ಮನೆಗೆ ಬಂದೆ.

ಒಂದು ಮಧ್ಯಾಹ್ನ ನಾನು ಕೋಳಿಗೂಡು ಗುಡಿಸುತ್ತಿದ್ದೆ. ಅವಳು ಅಂಗಡಿಯ ಏಪ್ರನ್ನಿನಲ್ಲೇ ಓಡಿಬಂದು ಗೇಟು ಅಲ್ಲಾಡಿಸಿದಳು. ಕಣ್ಣೆಲ್ಲ ಕೆಂಪು.

"ಅಕ್ಕಾ, ಬಿರ್ರನೆ ಬನ್ನಿ. ಅಜ್ಜೀನ ಮ್ಯಾನೇಜರ್ ರೂಮಲ್ಲಿ ಕೂರ್ಸವ್ರೆ. ನನ್ನ ಕೆಲ್ಸ ಓಯ್ತು ಅಕ್ಕಾ."

ಪೊರಕೆ ಎಸೆದು ಹಾಗೇ ಓಡಿದೆ. ಬಾಗಿಲ ಹೊರಗೆ ಅತ್ತೆಯ ಚಪ್ಪಲಿ ಜೋಡಿಸಿಟ್ಟ ಹಾಗೆಯೇ ಇದ್ದವು. ಅವನ್ನು ದಾಟಿ ಒಳಗೆ ನುಗ್ಗಿದೆ.

ಮ್ಯಾನೇಜರು ಹೊಸಬ, ಚಿಕ್ಕ ವಯಸ್ಸಿನವನು. ಅತ್ತೆ ಅವನ ರೂಮಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಅಂಗಡಿಯವರು ಕೊಟ್ಟ ನೀರು ಕುಡಿಯುತ್ತಿದ್ದರು, ಹೊಲದ ಬದುವಿನಲ್ಲಿ ದಣಿವಾರಿಸಿಕೊಳ್ಳುವವರ ಹಾಗೆ. ಅವರಿಗೆ ಯಾವ ಗಾಬರಿಯೂ ಇರಲಿಲ್ಲ.

"ಮೇಡಂ, ನಾನು ಅಜ್ಜೀಗೆ ಒಂದ್ ಮಾತೂ ಅಂದಿಲ್ಲ, ಮೊದ್ಲು ಇದನ್ನ ನೋಡಿ" ಎಂದು ಅವನು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ.

ಕ್ಯಾಮೆರಾದಲ್ಲಿ ಹಿಡಿದದ್ದು. ಸದ್ದಿಲ್ಲ, ಬಣ್ಣವೂ ಸರಿಯಾಗಿಲ್ಲ. ನೀರಿನೊಳಗಿಂದ ನೋಡಿದ ಹಾಗೆ ಎಲ್ಲವೂ ನಿಧಾನ. ತರಕಾರಿ ಸಾಲುಗಳ ನಡುವೆ ಅತ್ತೆ ಬರಿಗಾಲಲ್ಲಿ ಬರುತ್ತಾರೆ. ರಾಶಿಯಿಂದ ಒಂದು ಹಿಡಿ ಅವರೆಕಾಯಿ ತೆಗೆದು ಮೂಸಿ, ಕೆಳಗಿಟ್ಟಿದ್ದ ನೀಲಿ ಕ್ರೇಟಿಗೆ ಬಿಡುತ್ತಾರೆ. ಇನ್ನೊಂದು ಹಿಡಿ. ಟೊಮೇಟೊಗಳನ್ನು ಒಂದೊಂದಾಗಿ ಒತ್ತಿ ನೋಡಿ, ಗಟ್ಟಿ ಇದ್ದದ್ದನ್ನೇ ಆರಿಸಿ ಹಾಕುತ್ತಾರೆ. ಮೇಲೆ ಬಾಡಿದ ಸೊಪ್ಪು ಹೊದಿಸುತ್ತಾರೆ. ನೆಲಕ್ಕೆ ಬಿದ್ದ ಒಂದು ದಪ್ಪ ಮೆಣಸಿನಕಾಯಿಯನ್ನು ಕಾಲಿನಿಂದ ಮೆಲ್ಲಗೆ ಕ್ರೇಟಿನ ಸಂದಿಗೆ ತಳ್ಳುತ್ತಾರೆ. ಆಮೇಲೆ ಕ್ರೇಟಿಗೆ ಬೆನ್ನು ಮಾಡಿ ನಿಂತು, ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಾರೆ. ಸೆರಗಿನ ಅಂಚಿನಲ್ಲಿ ಅವರ ತುಟಿ ಆಡುತ್ತದೆ. ಪಕ್ಕದಲ್ಲಿ ಕ್ಯಾಪ್ಸಿಕಂ ಆರಿಸುತ್ತಿದ್ದ ಒಬ್ಬ ಹುಡುಗಿ ಬೆಚ್ಚಿ ನೋಡುತ್ತಾಳೆ.

ಸದ್ದಿಲ್ಲದಿದ್ದರೂ ಆ ಮಾತು ನನಗೆ ಕೇಳಿಸಿತು. 

"ಒಂದ್ ದಿನ ಅಲ್ಲ, ದಿನಾ ಇದೇ" ಎಂದ ಮ್ಯಾನೇಜರು. "ಒಳ್ಳೆ ಮಾಲು ಡಂಪ್‌ಗೆ ಹೋಗುತ್ತೆ, ಡಂಪ್ ಹಿಂದಿನ ಬಾಗ್ಲಿಂದ ಹೊರಗೆ ಹೋಗುತ್ತೆ. ಅಲ್ಲಿ ಯಾರೋ ಲೇಡಿ ಬಂದು ತಗೊಂಡ್ ಹೋಗ್ತಾರೆ, ಮುಖ ಮುಚ್ಕೊಂಡಿರ್ತಾರೆ. ಬಾಗ್ಲು ತೆಗೆಯೋದು, ನೋಡಿ, ಅಲ್ಲಿ ನಿಂತಿರೋ ಇವ್ರು. ಇದು ಎಲ್ಲಾ ಸೇರಿ ಮಾಡ್ಕೊಂಡಿರೋ ಸೆಟ್ಟಿಂಗ್ ಅಲ್ದೆ ಇನ್ನೇನು ಮೇಡಂ?"

ಬಾಗಿಲಲ್ಲಿ ನಿಂತಿದ್ದ ಮದನಪಲ್ಲಿಯವಳು, "ನಂಗೇನೂ ಗೊತ್ತಿಲ್ಲ ಸಾರ್, ದೇವ್ರಾಣೆ" ಎಂದು ಅಳತೊಡಗಿದಳು. ಅಳುತ್ತಲೇ ಒಮ್ಮೆ ನನ್ನನ್ನು ನೋಡಿದಳು. ಮುಖ ಮುಚ್ಚಿಕೊಂಡು ಬರುವವಳು ಯಾರೆಂದು ಅವಳಿಗೆ ಗೊತ್ತಿತ್ತು. ಆದರೂ ಅವಳು ಹೇಳಲಿಲ್ಲ.

ಮ್ಯಾನೇಜರು ಅತ್ತೆಯ ಮುಂದೆ ಬಗ್ಗಿ ಮೆತ್ತಗೆ ಕೇಳಿದ. "ಅಜ್ಜಿ, ಯಾರಿಗೋಸ್ಕರ ಹಾಕ್ತಿದ್ರಿ? ಯಾರಾದ್ರೂ ಹೇಳಿಕೊಟ್ರಾ?"

ಅತ್ತೆಗೆ ಆ ಪ್ರಶ್ನೆಯೇ ತಮಾಷೆ ಅನ್ನಿಸಿತು. "ಯೋಳ್ಕೊಡೋದೇನಪ್ಪ? ಅಕ್ಲು ಆಯಾಕೆ ಬೆಳಗಾನ ಒಬ್ಳು ಬತ್ತಾಳೆ, ದೂರದಿಂದ ಬೆನ್ನು ಕಂಡಿವ್ನಿ. ತಲೆಗೊಂದು ಬಟ್ಟೆ ಸುತ್ಕೊಂಡವ್ಳೆ, ಪಾಪ. ಎಷ್ಟೊತ್ತು ಬಗುದ್ರೂ ಕೊಳ್ತಿದ್ದೇ ಸಿಗ್ತದೆ ಅವ್ಳಿಗೆ. ನಮ್ಮೊಲಕ್ಕೆ ಬಂದೋಳು ಬರಿಗೈಲಿ ಓಗ್ಬಾರ್ದು."

"ಯಾರು ಆಕೆ?"

"ನಂಗೇನ್ ಗೊತ್ತು? ಮುಕ ನೋಡ್ಬಾರ್ದಲ್ಲಪ್ಪ."

 ನಾನು ಬಾಯಿ ಮುಚ್ಚಿಕೊಂಡಿದ್ದರೆ ಅತ್ತೆಯ ಮುಂದೆ ನನ್ನ ಮಾನ ಉಳಿಯುತ್ತಿತ್ತು. ಏನೂ ತಪ್ಪು ಮಾಡದ ಒಬ್ಬಳ ಕೆಲಸ ಹೋಗುತ್ತಿತ್ತು. ಎಷ್ಟು ದಿನದ ಸುಳ್ಳು, ಅಣ್ಣನ ತೋಟ, ಅಲ್ಲಿ ಬೆಳೆದ ಕಿವಿ ಹಣ್ಣು, ಎಲ್ಲ ಒಟ್ಟಿಗೆ ನೆನಪಾಯಿತು. ನನ್ನ ಮೇಲೇ ನನಗೆ ಸಿಟ್ಟು ಬಂದು, ಆ ಸಿಟ್ಟಿನಲ್ಲೇ ಹೇಳಿಬಿಟ್ಟೆ.

"ನಾನೇ ಸಾರ್. ಬೆಳಿಗ್ಗೆ ಬರೋದು ನಾನೇ. ಇವಳದೇನೂ ತಪ್ಪಿಲ್ಲ. ಕೋಳಿಗೂ ಮನೆಗೂ ಆಗುತ್ತೆ ಅಂತ ಆರಿಸ್ಕೊಂಡ್ ಹೋಗ್ತಿದ್ದೆ."

ಹೇಳಿ ಅತ್ತೆಯ ಕಡೆ ತಿರುಗಿದೆ. ಅವರು ಅಷ್ಟರಲ್ಲೇ ಸ್ಟೂಲಿನ ಮೇಲೆ ಪೂರ್ತಿ ಗೋಡೆಯ ಕಡೆ ತಿರುಗಿಬಿಟ್ಟಿದ್ದರು. ಸೆರಗು ಮುಖದ ಮೇಲಿತ್ತು. ಅತ್ತೆ ಎಂದು ಕರೆದೆ, ತಿರುಗಲಿಲ್ಲ. ಮನೆತನದ ಮಾನ ಕಳೆದೆ ಎಂದು ನನ್ನ ಮುಖ ನೋಡಲೂ ಅಸಹ್ಯಪಟ್ಟುಕೊಂಡರು ಎನ್ನುವುದೊಂದೇ ಆಗ ನನ್ನ ತಲೆಯಲ್ಲಿ ಓಡಿದ್ದು.

ಮ್ಯಾನೇಜರು ಕೆಟ್ಟವನಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಮಾಲು ಅಂಗಡಿಯದೇ, ಅಜ್ಜಿ ಹೊರಗೇನೂ ಒಯ್ದಿಲ್ಲ ಎಂದು ತಾನೇ ಒಂದು ದಾರಿ ಹುಡುಕಿಕೊಂಡ. "ಡಂಪ್ ಬೇಕಾದ್ರೆ ತಗೊಂಡೋಗಿ ಮೇಡಂ, ಹೇಗೂ ಕಸಕ್ಕೆ ಹೋಗೋದು. ಅಜ್ಜೀನ ಮಾತ್ರ ಇನ್ಮೇಲೆ ಒಬ್ರನ್ನೇ ಕಳಿಸ್ಬೇಡಿ" ಎಂದ. ಮದನಪಲ್ಲಿಯವಳಿಗೆ ಹೋಗಿ ಕೆಲಸ ನೋಡಿ ಎಂದ. ಅವಳು ಮೂಗೊರೆಸಿಕೊಂಡು ಆಲೂಗಡ್ಡೆ ರಾಶಿಯ ಕಡೆ ಹೋದಳು.

ದಾರಿಯುದ್ದಕ್ಕೂ ಅತ್ತೆ ನನ್ನ ಮುಂದೆ ಮುಂದೆಯೇ ನಡೆದರು. ನಾನು ಪಕ್ಕಕ್ಕೆ ಬಂದರೆ ಅವರು ಮುಖ ಆ ಕಡೆ ಹೊರಳಿಸುವರು. ಮನೆಗೆ ಬಂದು ಕೋಳಿಗಳಿಗೆ ನೀರಿಟ್ಟರು, ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಸಂಜೆ ಮುದ್ದೆ ತಟ್ಟೆ ಇಟ್ಟರೆ, ನಾನು ಅಡುಗೆಮನೆಗೆ ಹೋದ ಮೇಲೆಯೇ ಎದ್ದು ಉಂಡರು. ಯಜಮಾನರು ನಡೆದದ್ದೆಲ್ಲ ಕೇಳಿ, "ಅಮ್ಮಂಗೆ ಬೆಳಿಗ್ಗೆ ಹೊತ್ಗೆ ಮರ್ತೋಗುತ್ತೆ ಬಿಡೇ" ಎಂದರು. ಅದರಿಂದ ನನಗೆ ಇನ್ನಷ್ಟು ನೋವಾಯಿತು. ಮರೆತುಹೋಗಲಿ ಎಂದು ಕಾಯುವುದು ಎಂಥ ಸಮಾಧಾನ? ಇನ್ನು ಆ ಹಿಂಬಾಗಿಲಿಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿಕೊಂಡೆ. ಕೋಳಿಗಳನ್ನು ಕೊಟ್ಟುಬಿಡುವ ಯೋಚನೆಯನ್ನೂ ಮಾಡಿದೆ.

ಬೆಳಿಗ್ಗೆ ಎದ್ದಾಗ ಹೊರಗೆ ಮಂಜು. ಹುಂಜ ಕೂಗಿ ಆಗಿತ್ತು. ಒಲೆ ಹಚ್ಚಿ, ಕಾಫಿಗೆ ನೀರಿಟ್ಟು, ಬೇಕೆಂದೇ ಹೊತ್ತು ಕಳೆಯುತ್ತಿದ್ದೆ. ಹಿತ್ತಿಲಿನಲ್ಲಿ ಕೋಳಿಗಳು ಚೀಲದ ಸದ್ದಿಗಾಗಿ ಕಾದು ಕಾದು ಬಾಗಿಲಿನ ತಳಕ್ಕೆ ಕುಕ್ಕುತ್ತಿದ್ದವು. ನಡುಮನೆಯಲ್ಲಿ ಅತ್ತೆಯ ಮಂಚ. ಅದನ್ನು ದಾಟಿಯೇ ಹಿತ್ತಿಲಿಗೆ ಹೋಗಬೇಕು. ಸದ್ದಾಗದ ಹಾಗೆ ದಾಟುತ್ತಿದ್ದೆ, ಅವರ ದನಿ ಕೇಳಿಸಿತು.

"ಒತ್ತಾಯ್ತಲ್ಲವ್ವ. ಕಸದ ಗಾಡಿಯೋನು ಬಂದ್ಬುಡ್ತಾನೆ."

ನಿಂತೆ. ಅವರು ಗೋಡೆಯ ಕಡೆಗೇ ಮುಖ ಮಾಡಿ ಮಲಗಿದ್ದರು. ಸೆರಗು ಕಣ್ಣಿನವರೆಗೆ ಎಳೆದುಕೊಂಡಿದ್ದರು. ಬಾಗಿಲ ಪಕ್ಕದಲ್ಲಿ ನನ್ನ ಚೀಲ, ಒಗೆದು ಹಿಂಡಿ, ನೀಟಾಗಿ ಮಡಿಸಿ ಇಟ್ಟಿತ್ತು. ನಾನು ಅದನ್ನು ನಿನ್ನೆ ಗುಂಡಿಯ ಹತ್ತಿರ ಎಸೆದಿದ್ದೆ.

"ಅತ್ತೆ" ಎಂದೆ. 

"ಓಗು, ಆಯ್ಕಂಡ್ ಬಾರವ್ವ" ಎಂದರು ಗೋಡೆಗೆ. "ನಾನು ನೋಡಾಕಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅಲ್ಲೇ ಹೊಸ್ತಿಲಲ್ಲಿ ನಿಂತು ಅತ್ತುಬಿಟ್ಟೆ. ಎಷ್ಟು ಹೊತ್ತಾದರೂ ಅತ್ತೆ ತಿರುಗಲಿಲ್ಲ. ಆಮೇಲೆ ಮುಖ ತೊಳೆದುಕೊಂಡು ಚೀಲ ಎತ್ತಿಕೊಂಡ ನಾನು, ಟವೆಲ್ಲು ಮಾಸ್ಕು ಎರಡನ್ನೂ ಗೂಟದಲ್ಲೇ ಬಿಟ್ಟು ಬೀದಿಗಿಳಿದೆ.